ಹೂ ಅವಳದು, ಬೆಟ್ಟ ಇವಳದು

ಕಟ್ಟಿನಂಗಡಿಯ ಹಿರಿಸೊಸೆಗೆ ಬೀದಿಯವರು ಇಟ್ಟ ಹೆಸರು ಮುಳ್ಳಕ್ಕ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಬೇರೆ ಹೆಸರಿನಿಂದ ಕರೆದವರೂ ಇಲ್ಲ. ಅವಳು ಗುಲಾಬಿ ಬರೆದರೆ ದಂಟಿನ ಮುಳ್ಳನ್ನೂ ಬಿಡದೆ ಬರೆಯುತ್ತಾಳೆ, ಅದಕ್ಕೇ ಆ ಹೆಸರು ಎಂದು ಹೊರಗಿನ ಗಿರಾಕಿಗಳು ತಿಳಿದಿದ್ದರು. ಮನೆಯವರು ಅವರನ್ನು ತಿದ್ದಲು ಹೋಗುತ್ತಿರಲಿಲ್ಲ.

ಚಿತ್ರಗಳಿಗೆ ಕಟ್ಟು ಹಾಕುವ ಆ ಅಂಗಡಿ ಅವಳ ಮಾವನದು. ಕೆಳಗಡೆ ಗರಗಸ, ಮರದ ಪಟ್ಟಿಗಳ ರಾಶಿ, ಗಾಜು ಕೊಯ್ಯುವ ಮೇಜು, ಅಂಟಿನ ಡಬ್ಬಿ. ಅಲ್ಲಿ ಅವಳ ಗಂಡ ದಿನವಿಡೀ ಮರದ ಪುಡಿಯಲ್ಲಿ ಮುಳುಗಿರುತ್ತಿದ್ದ. ಊಟಕ್ಕೆ ಕೂತರೆ ಅವನ ಹುಬ್ಬಿನಿಂದಲೂ ಪುಡಿ ಉದುರುತ್ತಿತ್ತು. ಮಾತು ಮಾತ್ರ ಉದುರುತ್ತಿರಲಿಲ್ಲ. ಮೇಲ್ಗಡೆ, ಕಿರಿದಾದ ಮರದ ಮೆಟ್ಟಿಲು ಹತ್ತಿದರೆ, ಬಣ್ಣದ ಕೋಣೆ. ಬೀದಿಗೆ ತೆರೆದ ಒಂದೇ ದೊಡ್ಡ ಕಿಟಕಿ, ಕ್ಯಾನ್ವಾಸು ನಿಲ್ಲಿಸುವ ಎರಡು ಈಸೆಲ್, ಟರ್ಪೆಂಟೈನ್ ವಾಸನೆ ಹೀರಿಕೊಂಡು ಹೀರಿಕೊಂಡು ಹಳದಿಯಾದ ಗೋಡೆ. ಅಲ್ಲಿ ಬರೆದ ಹೂವಿನ ಚಿತ್ರಗಳು ಕೆಳಗಿಳಿದು, ಕಟ್ಟು ತೊಟ್ಟು, ಬೀದಿಯ ತುದಿಯ ಪೀಠೋಪಕರಣದ ಅಂಗಡಿಗೆ ಹೋಗುತ್ತಿದ್ದವು. ಆ ಅಂಗಡಿಯ ಯಜಮಾನನನ್ನು ಎಲ್ಲರೂ ಸೋಫಾ ಸಾಹುಕಾರ ಎನ್ನುತ್ತಿದ್ದರು. ಸೋಫಾ ಕೊಂಡವರು ಅದರ ಮೇಲಿನ ಗೋಡೆಗೆಂದು ಒಂದು ಚಿತ್ರವನ್ನೂ ಕೊಳ್ಳುವ ಕಾಲ ಅದು.

ಮುಳ್ಳಕ್ಕನ ತವರಿನಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದರು. ಅಪ್ಪ ತಗಡು ಬಡಿದು ಬೆಸೆದು ಕೊಟ್ಟದ್ದಕ್ಕೆ ಹಸಿರು ಬಣ್ಣ ಬಳಿದು, ಒಣಗಿದ ಮೇಲೆ ಮುಚ್ಚಳಕ್ಕೆ ಒಂದು ಹೂಗೊಂಚಲು ಬರೆಯುವುದು ಅವಳ ಪಾಲಿನ ಕೆಲಸ. ಟ್ರಂಕು ಕೊಳ್ಳಲೆಂದು ಹೋಗಿದ್ದ ಮಾವ, ಮುಚ್ಚಳ ನೋಡಿ, ಬರೆದವರು ಯಾರೆಂದು ಕೇಳಿ, ಟ್ರಂಕು ಅಲ್ಲೇ ಬಿಟ್ಟು ಸೊಸೆಯನ್ನು ಗೊತ್ತುಮಾಡಿಕೊಂಡು ಬಂದಿದ್ದರು. ಈ ಕಥೆಯನ್ನು ಅವರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮುಳ್ಳಕ್ಕ ನಗುತ್ತಿರಲಿಲ್ಲ. "ಟ್ರಂಕೂ ತಗೋಬಹುದಿತ್ತು. ಅಪ್ಪನಿಗೆ ಅವತ್ತಿನ ವ್ಯಾಪಾರ ಕೆಟ್ಟಿತು" ಎನ್ನುತ್ತಿದ್ದಳು.

ಹೂವಿನ ವಿಷಯದಲ್ಲಿ ಅವಳದು ಎತ್ತಿದ ಕೈ. ಡೇಲಿಯಾದ ಎಸಳು ಹೊರಗಿನಿಂದ ಒಳಕ್ಕೆ ಹೇಗೆ ಸುತ್ತಿಕೊಳ್ಳುತ್ತದೆ, ಬಾಡುವ ಗುಲಾಬಿಯ ಅಂಚು ಮೊದಲು ಯಾವ ಕಡೆ ಕಂದುತ್ತದೆ, ಬಿಳಿ ಸೇವಂತಿಗೆಯ ನೆರಳಿನಲ್ಲಿ ಎಷ್ಟು ಹಸಿರು ಅಡಗಿರುತ್ತದೆ, ಇದನ್ನೆಲ್ಲ ಅವಳ ಕುಂಚವೇ ಬಲ್ಲದು ಎನ್ನಬೇಕು. ಆದರೆ ಟ್ರಂಕಿನ ಹೂವಿಗೆ ಹಿಂದೆ ಏನೂ ಇರುವುದಿಲ್ಲ. ಕ್ಯಾನ್ವಾಸಿಗೆ ಬಂದ ಮೇಲೂ ಅವಳು ಹೂಜಿಯ ಹಿಂದೆ ಕಂದು ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಿದ್ದಳು. ಮಾವನಿಗೆ ಅದೇ ಸಾಕಿತ್ತು. ಬಹಳ ವರ್ಷ ಕೊಳ್ಳುವವರಿಗೂ ಅದೇ ಸಾಕಿತ್ತು.

ಒಂದು ದಿನ ಸೋಫಾ ಸಾಹುಕಾರ ಮೆಟ್ಟಿಲು ಹತ್ತಿ ಬಂದ. "ನೋಡಮ್ಮ, ಹೂ ಚೆನ್ನಾಗೇ ಇದೆ. ಆದ್ರೆ ಹಿಂದೆ ಈ ಕಂದು ಇದೆಯಲ್ಲ, ಗೋಡೆಗೆ ತೂತು ಬಿದ್ದ ಹಾಗೆ ಕಾಣುತ್ತೆ. ಈಗಿನವರಿಗೆ ಹೂವಿನ ಹಿಂದೆ ಒಂದು ಬೆಟ್ಟ, ಒಂದು ನದಿ, ಒಂಚೂರು ಆಕಾಶ ಬೇಕು. ಮನೆ ಸಣ್ಣದು ನೋಡಿ, ಚಿತ್ರದಲ್ಲಾದ್ರೂ ದೂರ ಬೇಕು ಅಂತಾರೆ."

"ದೂರ ಬೇಕಾದವರು ಕಿಟಕಿ ತೆಗೆದು ನೋಡ್ಲಿ."

"ತೆಗೆದ್ರೆ ಎದುರುಮನೆ ಬಚ್ಚಲು ಕಾಣುತ್ತಮ್ಮ. ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಅವಳು ಬೆಟ್ಟ ಬರೆದಳು. ಮಡಿಸಿಟ್ಟ ಕಂಬಳಿಯ ಹಾಗೆ ಬಂತು. ನದಿ ಬರೆದಳು, ಒಣಹಾಕಿದ ದುಪ್ಪಟಿಯ ಹಾಗೆ ಬಂತು. ಟ್ರಂಕಿನ ಮೇಲೆ ಪಳಗಿದ ಕೈ ಪ್ರತಿಯೊಂದಕ್ಕೂ ಅಂಚು ಎಳೆಯುತ್ತಿತ್ತು. ಎಳೆದ ಕೂಡಲೇ ಬೆಟ್ಟ ಹೂಜಿಯ ಪಕ್ಕಕ್ಕೆ ಬಂದು ಕೂತುಬಿಡುತ್ತಿತ್ತು. ಸಿಟ್ಟಿಗೆ ಅದನ್ನು ಕೆರೆದು ತೆಗೆದು ಮತ್ತೆ ಬರೆಯುತ್ತಿದ್ದಳು. ಮಾವ ಬಂದು ನೋಡಿ ಗಂಟಲು ಸರಿಮಾಡಿಕೊಂಡು ಇಳಿದುಹೋಗುತ್ತಿದ್ದರು.

ಆ ಹೊತ್ತಿಗೆ ಮನೆಗೆ ಕಿರಿಸೊಸೆ ಬಂದು ವರ್ಷ ಕಳೆದಿತ್ತು. ಮೈದುನ ಮಾತಿನಮಲ್ಲ, ಅಂಗಡಿಯ ವ್ಯಾಪಾರವೆಲ್ಲ ಅವನ ನಾಲಿಗೆಯ ಮೇಲೆ ನಡೆಯುತ್ತಿತ್ತು. ಅವನ ಹೆಂಡತಿ ಅಷ್ಟೇ ಮೆತ್ತಗೆ ಮಾತಾಡುವವಳು. ಅವಳ ಅಪ್ಪ ರೈಲ್ವೆ ಗೇಟು ಕಾಯುತ್ತಿದ್ದವನು. ಬಯಲಿನ ನಡುವೆ ಒಂಟಿ ಮನೆ, ಸುತ್ತ ನೋಡಿದರೆ ದೂರ ಬಿಟ್ಟರೆ ಬೇರೇನಿಲ್ಲ. ಬರುವ ರೈಲಿನ ಹೊಗೆಯನ್ನು ಅದು ಚುಕ್ಕೆಯಾಗಿದ್ದಾಗಲೇ ಗುರುತಿಸುತ್ತ ಬೆಳೆದವಳು. ಕೆಳಗಡೆ ಕೂತು ಕಟ್ಟುಗಳಿಗೆ ಚಿನ್ನದ ಬಣ್ಣ ಬಳಿಯುವುದು ಅವಳಿಗೆ ಒಪ್ಪಿಸಿದ ಕೆಲಸವಾಗಿತ್ತು.

ಮುಳ್ಳಕ್ಕ ಜ್ವರ ಬಂದು ಹಾಸಿಗೆ ಹಿಡಿದಳು. ಅತ್ತ ಸಾಹುಕಾರ ಚಿತ್ರಕ್ಕೆ ಆಳು ಕಳಿಸುತ್ತಿದ್ದ. ಮೇಲೆ ಒಂದು ಚಿತ್ರ ಹೂ ಮುಗಿದು, ಹಿಂದಿನ ಜಾಗ ಖಾಲಿ ಬಿದ್ದು ನಿಂತಿತ್ತು. "ನೀನು ಆಗಾಗ ರಟ್ಟಿನ ಮೇಲೆ ಏನೋ ಬರೀತಿರ್ತೀಯಲ್ಲ, ಇದಕ್ಕೊಂದು ಬೆಟ್ಟ ಹಾಕು" ಎಂದು ಮಾವ ಕಿರಿಸೊಸೆಗೆ ಹೇಳಿದರು. ಅವಳು ಹಾಕಿದಳು.

ಜ್ವರ ಬಿಟ್ಟು ಗೋಡೆ ಹಿಡಿದುಕೊಂಡು ಕೆಳಗಿಳಿದ ಮುಳ್ಳಕ್ಕನಿಗೆ ಕಂಡದ್ದು ಕಟ್ಟಿನೊಳಗೆ ಕೂತ ತನ್ನದೇ ಚಿತ್ರ. ಹಸಿ ಇನ್ನೂ ಆರಿರಲಿಲ್ಲ. ಹೂಗಳ ಹಿಂದೆ ತೆಳುವಾದ ನೀಲಿ ಬೆಟ್ಟ, ಅದರ ಹಿಂದೆ ಇನ್ನೂ ತೆಳುವಾದ ಇನ್ನೊಂದು, ಬುಡದಲ್ಲಿ ಮಂಜು. ಒಂದು ಎಸಳನ್ನೂ ಮುಟ್ಟದೆ ಎಲ್ಲವೂ ಸಂದಿಯಲ್ಲಿ ತೂರಿಕೊಂಡಿತ್ತು. ತನ್ನ ಡೇಲಿಯಾಗಳು ಮೊದಲ ಬಾರಿಗೆ ಕ್ಯಾನ್ವಾಸು ಬಿಟ್ಟು ಮುಂದೆ ಬಂದು, ಈಗ ತಾನೇ ನೀರು ಚಿಮುಕಿಸಿದ ಹಾಗೆ ನಿಂತಿದ್ದವು. ಚಿತ್ರ ಕೆಟ್ಟಿದ್ದರೆ ಅವಳು ಬೈದು ಮರೆಯುತ್ತಿದ್ದಳೇನೋ. ಅದು ಚೆನ್ನಾಗಿತ್ತು. ಅವಳು ಕ್ಷಮಿಸದೆ ಹೋದದ್ದು ಅದನ್ನೇ.

"ಯಾರನ್ನ ಕೇಳಿ ಮುಟ್ಟಿದೆ?" ಎಂದಳು.

"ಮಾವ ಹೇಳಿದ್ರು, ಅಕ್ಕ. ನಿಮ್ಮ ಹೂ ಮುಟ್ಟಿಲ್ಲ. ಹಿಂದೆ ಮಾತ್ರ."

"ನನ್ನ ಹೂವಿನ ಹಿಂದೇನೂ ನಂದೇ."

"ಹಿಂದೆ ಏನೂ ಇರ್ಲಿಲ್ಲವಲ್ಲ, ಅಕ್ಕ."

ಕಿರಿಯವಳು ಇದನ್ನು ಮುಗ್ಧವಾಗಿ ಅಂದಳೆಂದು ಮಾವ ಕೊನೆಯವರೆಗೂ ವಾದಿಸಿದರು. ಮುಳ್ಳಕ್ಕನ ಕಿವಿಗೆ ಅದು ಕುಟುಕಿದ ಹಾಗೇ ಕೇಳಿತು. ಅವಳು ಕೈ ಚಾಚಿ ಹಸಿ ಬೆಟ್ಟದ ನಡುವಿಗೆ ಹೆಬ್ಬೆರಳು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮೆಟ್ಟಿಲು ಹತ್ತಿ ಹೋದಳು. ಚಿತ್ರ ಅದೇ ದಿನ ಮಾರಾಟವಾಯಿತು. ಕೊಂಡವರು ಹೆಬ್ಬೆರಳ ಗುರುತನ್ನು ಗುಹೆ ಎಂದುಕೊಂಡರಂತೆ. ಇನ್ನೊಂದು ಗುಹೆಯ ಚಿತ್ರ ಇದೆಯೇ ಎಂದು ಸಾಹುಕಾರ ಹೇಳಿಕಳಿಸಿದ.

ಅಲ್ಲಿಂದ ಮುಂದೆ ಮಾವನ ಅಪ್ಪಣೆಯಂತೆ ಪ್ರತಿ ಚಿತ್ರಕ್ಕೂ ಇಬ್ಬರು. ಮೊದಲು ಕಿರಿಯವಳು ಟರ್ಪೆಂಟೈನಿನಲ್ಲಿ ನೀರಾಗಿಸಿದ ಬಣ್ಣದಿಂದ ಬೆಟ್ಟ, ಬಯಲು, ಆಕಾಶ ಹಾಕಿ ಒಣಗಲು ಬಿಡಬೇಕು. ಆಮೇಲೆ ಹಿರಿಯವಳು ಎಣ್ಣೆ ಬೆರೆಸಿದ ದಪ್ಪ ಬಣ್ಣದಲ್ಲಿ ಹೂಜಿ, ಹೂ, ಎಲೆ ಕೂರಿಸಬೇಕು. ಒಂದೇ ಕೋಣೆ, ಬೆನ್ನಿಗೆ ಬೆನ್ನು. ನೇರ ಮಾತು ಅಂದಿನಿಂದಲೇ ನಿಂತಿತು. ಹೇಳಲೇಬೇಕಾದ್ದನ್ನು ಇಬ್ಬರೂ ಗೋಡೆಗೆ ಹೇಳುತ್ತಿದ್ದರು. "ಕಿಟಕಿ ಮುಚ್ಚಬೇಕು ಅಂತ ಯಾರಿಗಾದ್ರೂ ಅನ್ನಿಸಿದ್ರೆ ಮುಚ್ಚಬಹುದು" ಎನ್ನುವಳು ಮುಳ್ಳಕ್ಕ. "ಗಾಳಿ ಬೇಕಾದವರೂ ಇರ್ತಾರಪ್ಪ ಈ ಲೋಕದಲ್ಲಿ" ಎನ್ನುವಳು ಕಿರಿಯವಳು, ತನ್ನ ಕುಂಚಕ್ಕೆ.

ಬಾಯಲ್ಲಿ ಆಡದ ಜಗಳ ಕ್ಯಾನ್ವಾಸಿನ ಮೇಲೆ ನಡೆಯಿತು. ಬೆಟ್ಟದ ಅತ್ಯಂತ ಚೆಂದದ ಇಳಿಜಾರು ಎಲ್ಲಿದೆಯೆಂದು ನೋಡಿ ಮುಳ್ಳಕ್ಕ ಸರಿಯಾಗಿ ಅಲ್ಲೇ ಒಂದು ದೊಡ್ಡ ಡೇಲಿಯಾ ಕೂರಿಸುತ್ತಿದ್ದಳು. ಮುಂದಿನ ಚಿತ್ರದಲ್ಲಿ ಕಿರಿಯವಳು ಬೆಟ್ಟವನ್ನು ಹೂ ಎಟುಕದಷ್ಟು ಮೇಲಕ್ಕೆ ಏರಿಸುತ್ತಿದ್ದಳು. ಮುಳ್ಳಕ್ಕ ದಂಟನ್ನು ಉದ್ದಮಾಡಿ ಅಲ್ಲಿಗೂ ಹೂ ಕಳಿಸುತ್ತಿದ್ದಳು. ಮುಳ್ಳಕ್ಕ ಗುಲಾಬಿ ಹಾಕುತ್ತಾಳೆಂದು ಗೊತ್ತಾದರೆ ಕಿರಿಯವಳು ಆಕಾಶಕ್ಕೆ ಸಂಜೆಗೆಂಪು ಬಳಿದು ಗುಲಾಬಿಯ ಕೆಂಪನ್ನು ಸಪ್ಪೆಮಾಡುತ್ತಿದ್ದಳು. ಮುಳ್ಳಕ್ಕ ಸಿಟ್ಟಿನಿಂದ ಅದೇ ಚಿತ್ರಕ್ಕೆ ಗುಲಾಬಿ ಬಿಟ್ಟು ಬೆಳ್ಳಗಿನ ಸೇವಂತಿಗೆ ತುಂಬುತ್ತಿದ್ದಳು. ಹೂವಿನ ಅಂಚನ್ನು ಒಂದೆರಡು ಕಡೆಯಾದರೂ ಹಿಂದಿನ ಬಣ್ಣದಲ್ಲಿ ಕರಗಿಸಬೇಕೆಂದು ಕಿರಿಯವಳು ಗೋಡೆಗೆ ಎಷ್ಟೋ ಸಲ ಹೇಳಿದ್ದಳು. ಮುಳ್ಳಕ್ಕ ಆ ಮಾತು ಕೇಳಿದ ದಿನ ಅಂಚನ್ನು ಇನ್ನಷ್ಟು ಗಟ್ಟಿಯಾಗಿ ಎಳೆಯುತ್ತಿದ್ದಳು.

ತಮಾಷೆಯೆಂದರೆ ಇಬ್ಬರ ಈ ಹಟದಲ್ಲಿ ಚಿತ್ರಗಳಿಗೆ ಜೀವ ಬಂತು. ಒಂದರ ಹಾಗೆ ಇನ್ನೊಂದಿರುತ್ತಿರಲಿಲ್ಲ. ಸಾಹುಕಾರ ಕೈ ಉಜ್ಜಿಕೊಂಡ. ಮಾವ ರಾಜಿ ಮಾಡಿಸುವ ಯೋಚನೆಯನ್ನೇ ಬಿಟ್ಟರು. "ಒಲೆ ಉರೀತಾ ಇದ್ದರೆ ತಾನೇ ಮನೇಲಿ ಅಡುಗೆ" ಎಂದು ಮಗನ ಹತ್ತಿರ ಅಂದದ್ದು ಮುಳ್ಳಕ್ಕನ ಕಿವಿಗೂ ಬಿತ್ತು. ಒಂದು ವಾರ ಅವಳು ಮಾವನನ್ನೂ ಗೋಡೆಯ ಮೂಲಕವೇ ಊಟಕ್ಕೆ ಕರೆದಳು.

ಈ ಇಬ್ಬರ ನಡುವೆ ಬೆಳೆದದ್ದು ಮುಳ್ಳಕ್ಕನ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಅವಳು ಒಂದು ಈಸೆಲ್ಲಿನಿಂದ ಇನ್ನೊಂದಕ್ಕೆ ಬಿಳಿ ಬಣ್ಣದ ಟ್ಯೂಬು ಸಾಗಿಸುತ್ತಿದ್ದಳು. ದೊಡ್ಡವಳಾದಂತೆ ತಾಯಿಯ ಪಕ್ಕ ಕೂತು ಹೂ ಕಲಿತಳು. ಮುಳ್ಳಕ್ಕ ಕಲಿಸುವುದರಲ್ಲಿ ಏನನ್ನೂ ಬಚ್ಚಿಡಲಿಲ್ಲ. ಕುಂಚ ಹಿಡಿಯುವುದರಿಂದ ಹಿಡಿದು ಎಸಳಿನ ಬೆನ್ನಿಗೆ ತಿರುಗಿ ಬೀಳುವ ಎರಡನೆಯ ಬೆಳಕಿನವರೆಗೆ ಎಲ್ಲ ಹೇಳಿಕೊಟ್ಟಳು. ಹೇಳಿಕೊಟ್ಟು ಹುಡುಗಿ ಬರೆದದ್ದನ್ನು ನೋಡಿ, "ಇದು ಹೂವಾ? ಒದ್ದೆ ಕರವಸ್ತ್ರ" ಎನ್ನುತ್ತಿದ್ದಳು. ತನ್ನ ಅಪ್ಪನೂ ಹಾಗೇ ಅಂದಿದ್ದ. ಹಾಗೆ ಅನ್ನಿಸಿಕೊಂಡೇ ತಾನು ಕಲಿತದ್ದೆಂದು ಅವಳು ನಂಬಿದ್ದಳು. ಬೆನ್ನ ಹಿಂದಿನ ಈಸೆಲ್ಲಿನಿಂದ, "ಎಷ್ಟು ಚೆನ್ನಾಗಿ ಬಂದಿದೆ ಮಗಳೇ" ಎಂಬ ಮೆತ್ತನೆಯ ದನಿ ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಹೊಗಳಿದರೆ ಕೈ ಕೆಡುತ್ತದೆ, ಬೇಕೆಂದೇ ಕೆಡಿಸುತ್ತಿದ್ದಾಳೆ ಎಂದು ಅವಳ ಲೆಕ್ಕ.

ಮಾವ ತೀರಿಕೊಂಡರು. ಅವರ ನಂತರ ಅಣ್ಣತಮ್ಮ ಜಗಳವಿಲ್ಲದೆ ಬೇರೆಯಾದರು. ಅಂಗಡಿ ಅಣ್ಣನಿಗೆ ಉಳಿಯಿತು. ತಮ್ಮ ಎದುರು ಸಾಲಿನಲ್ಲಿ, ಗಡಿಯಾರ ರಿಪೇರಿಯವನು ಖಾಲಿಮಾಡಿದ್ದ ಮಳಿಗೆ ಹಿಡಿದ. ಕಿರಿಯವಳು ತನ್ನ ಈಸೆಲ್ ಹೊತ್ತುಕೊಂಡು ಮೆಟ್ಟಿಲು ಇಳಿಯುವಾಗ ಮುಳ್ಳಕ್ಕ ತಲೆ ಎತ್ತಲಿಲ್ಲ. "ಬೆಟ್ಟಾನೂ ಹೊತ್ಕೊಂಡು ಹೋಗ್ಲಿ" ಎಂದು ಗೋಡೆಗೆ ಹೇಳಿದಳು.

ಎದುರು ಮಳಿಗೆಗೆ ಬೋರ್ಡು ಬಂತು: "ಹೂ ಮತ್ತು ಪ್ರಕೃತಿ ಚಿತ್ರಗಳು." ಮುಳ್ಳಕ್ಕ ಕಿಟಕಿಯಲ್ಲಿ ನಿಂತು ಅದನ್ನು ಓದಿ ನಕ್ಕಳು. ಹೂ ಬರೆಯುವವರು ಎಲ್ಲಿದ್ದಾರೆ ಅಲ್ಲಿ? ಆ ನಗು ಊಟದ ಹೊತ್ತಿನವರೆಗೂ ಬಾಳಲಿಲ್ಲ.

"ಚಿಕ್ಕಮ್ಮ ಕರೆದಿದ್ದಾಳೆ. ನಾಳೆಯಿಂದ ಅಲ್ಲಿಗೆ ಹೋಗ್ತೀನಿ" ಎಂದಳು ಮಗಳು.

ಮುಳ್ಳಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಇಳಿಸಿದಳು. "ಯಾಕೆ, ಇಲ್ಲಿ ಜಾಗ ಇಲ್ವಾ?"

"ಜಾಗ ಇದೆ. ನನಗಿಲ್ಲ."

"ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ. ನಾನೇನು ಬಚ್ಚಿಟ್ಟೆ ನಿನ್ನಿಂದ? ಎಲ್ಲಾ ಹೇಳಿಕೊಟ್ಟಿಲ್ವಾ?"

"ಕೊಟ್ಟೆ. ಇಷ್ಟು ವರ್ಷದಲ್ಲಿ ಒಂದು ಸಲ ಚೆನ್ನಾಗಿದೆ ಅಂದಿಲ್ಲ ನೀನು."

"ಚೆನ್ನಾಗಿದ್ರೆ ತಾನೇ ಅನ್ನೋದು."

ಮಗಳು ತಟ್ಟೆ ಸರಿಸಿ ಎದ್ದಳು. ಮುಳ್ಳಕ್ಕನ ಗಂಡ ಬಾಯಿ ತೆರೆದ, ಏನೋ ಹೇಳುವವನ ಹಾಗೆ. ಆಮೇಲೆ ಆ ಬಾಯಿಗೆ ತುತ್ತು ಇಟ್ಟುಕೊಂಡ.

ಹುಡುಗಿ ಮನೆ ಬಿಟ್ಟು ಹೋಗಲಿಲ್ಲ. ಅದೇ ಮುಳ್ಳಕ್ಕನಿಗೆ ಹೆಚ್ಚು ಕಷ್ಟವಾಯಿತು. ಬೆಳಿಗ್ಗೆ ಎದ್ದು ಬೀದಿ ದಾಟಿ ಆ ಕಡೆ ಹೋಗುವುದು, ಕತ್ತಲಾದ ಮೇಲೆ ಬೀದಿ ದಾಟಿ ಊಟಕ್ಕೆ ಬರುವುದು. ತಟ್ಟೆ ಮುಂದೆ ಕೂತ ಅವಳ ಉಗುರಿನ ಸಂದಿಯಲ್ಲಿ ಬಣ್ಣ ಇರುತ್ತಿತ್ತು. ಇವತ್ತು ಯಾವ ಹೂ ಎಂದು ಆ ಉಗುರು ನೋಡಿಯೇ ಮುಳ್ಳಕ್ಕನಿಗೆ ತಿಳಿಯುತ್ತಿತ್ತು. ತಿಳಿದು ಸಾರಿನ ಪಾತ್ರೆಯನ್ನು ಠಕ್ಕೆಂದು ಇಡುತ್ತಿದ್ದಳು.

ಇತ್ತ ಅವಳ ಚಿತ್ರಗಳು ಮತ್ತೆ ಕಂದು ಬಣ್ಣಕ್ಕೆ ಬಂದವು, ಅವನ್ನು ಕೇಳುವವರಿರಲಿಲ್ಲ. ಸೋಫಾ ಸಾಹುಕಾರ ಎದುರು ಮಳಿಗೆಯಿಂದ ಚಿತ್ರ ಹೊತ್ತೊಯ್ಯುವಾಗ ಮರ್ಯಾದೆಗೆ ಇತ್ತ ತಲೆ ಎತ್ತಿ ಕೈ ಬೀಸುತ್ತಿದ್ದ. ಒಂದು ದಿನ ಮುಳ್ಳಕ್ಕ ಕುಂಚ ತೊಳೆದು ಕೆಳಗಿಳಿದು ಗಂಡನಿಗೆ, "ಏಳಿ, ಬೆಟ್ಟ ನೋಡ್ಕೊಂಡು ಬರೋಣ" ಎಂದಳು. ಅವನು ಅವಳ ಹಣೆ ಮುಟ್ಟಿ ನೋಡಿದ. ಮತ್ತೆ ಜ್ವರವೇನೋ ಎಂದುಕೊಂಡಿದ್ದ.

ಊರ ಬಸ್ಸುಗಳು ತಿರುಗಿಕೊಂಡು ನಿಲ್ಲುವ ಕೊನೆಯ ನಿಲ್ದಾಣದಾಚೆ ಬಯಲು, ಬಯಲಿನಾಚೆ ಸಾಧಾರಣ ಬೆಟ್ಟಗಳ ಒಂದು ಸಾಲು. ಗಂಡ ಮಡಚುವ ಸ್ಟೂಲು ಹೊತ್ತು ಬಂದ. ಅವಳು ಕೂತು ಆ ಬೆಟ್ಟಗಳನ್ನು ನೋಡಿದ್ದು ಪ್ರಕೃತಿ ನೋಡುವವರ ಹಾಗಲ್ಲ. ಬಾಕಿ ವಸೂಲಿಗೆ ಬಂದವರು ಬಾಗಿಲು ನೋಡುವ ಹಾಗೆ.

"ಆ ಬೆಟ್ಟ ಯಾವ ಬಣ್ಣ?" ಎಂದು ಗಂಡನನ್ನು ಕೇಳಿದಳು.

"ಹಸಿರು."

"ಹಸಿರು ಎಲ್ಲಿದೆ, ತೋರಿಸಿ."

ಅವನು ಕಣ್ಣು ಕಿರಿದುಮಾಡಿ ಬಹಳ ಹೊತ್ತು ನೋಡಿದ. "ಮರ ಇದೆಯಲ್ಲ, ಹಸಿರೇ ಇರಬೇಕು."

"ಇರಬೇಕಾದ್ದನ್ನ ಕೇಳ್ತಿಲ್ಲ ನಾನು."

ಅವನು ಜೇಬಿನಿಂದ ಕಡಲೆಕಾಯಿ ತೆಗೆದು ಸುಲಿಯತೊಡಗಿದ. ಅವಳು ನೋಡುತ್ತಲೇ ಇದ್ದಳು. ಹಸಿರು ಇರಲಿಲ್ಲ. ಬೂದಿ ಇತ್ತು, ನೀಲಿ ಇತ್ತು, ಬಿಸಿಲು ಏರಿದಂತೆ ಅದೂ ಅಳಿಸಿಹೋಗಿ ಆಕಾಶಕ್ಕಿಂತ ಒಂದು ಕೂದಲೆಳೆ ಗಾಢವಾದ ಏನೋ ಒಂದು ಉಳಿಯುತ್ತಿತ್ತು. ಅಂಚು ಎಂಬುದಂತೂ ಎಲ್ಲಿಯೂ ಇರಲಿಲ್ಲ. ಬೆಟ್ಟ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಬೆನ್ನ ಹಿಂದಿನ ಆ ಮೆತ್ತನೆಯ ದನಿ ಅಂಚು ಕರಗಿಸಬೇಕು, ಅಂಚು ಕರಗಿಸಬೇಕು ಎಂದು ಇಷ್ಟು ಕಾಲ ಗೋಡೆಗೆ ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಇದು ಗೊತ್ತಾದಾಗ ಅವಳಿಗೆ ಸಂತೋಷವೇನೂ ಆಗಲಿಲ್ಲ. ಎದ್ದು ಸ್ಟೂಲನ್ನು ಮಡಚಿ, "ನಡೀರಿ, ಸಾಕು ಈ ಸುಡುಗಾಡು" ಎಂದಳು. ಆದರೆ ಮುಂದಿನ ಭಾನುವಾರವೂ ಹೋದಳು. ಅದರ ಮುಂದಿನದೂ. ಗಂಡ ಬರಲಾಗದ ದಿನ ಒಬ್ಬಳೇ ಹೋದಳು. ಸ್ಟೂಲಿಗೂ ಟಿಕೆಟ್ಟು ತಗೋಬೇಕು ಎಂದ ಕಂಡಕ್ಟರನಿಗೆ, "ಕೂತ್ಕೊಂಡಿರೋದು ನಾನು, ಅದು ನಿಂತಿದೆ" ಎಂದು ಬಾಯಿ ಮುಚ್ಚಿಸಿದಳು.

ಆ ಮಳೆಗಾಲ, ಚಳಿಗಾಲ ಎರಡೂ ಅವಳು ಬರೆದು ಕೆರೆದು, ಬರೆದು ಕೆರೆದು ಕಳೆದಳು. ಕೊನೆಗೆ ಒಂದು ಚಿತ್ರ ಕೆರೆಯದೆ ಉಳಿಯಿತು. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಜಾಡಿಯಲ್ಲಿ ಕಡುಗೆಂಪು ಡೇಲಿಯಾ. ಹಿಂದೆ ನದಿಯಿಲ್ಲ, ಮಂಜಿಲ್ಲ. ಬಸ್ಸು ತಿರುಗುವ ಬಯಲು, ನೀರಿನ ಟ್ಯಾಂಕು, ಅದರಾಚೆ ಆ ಸಾಧಾರಣ ಬೆಟ್ಟ. ಹಿಂದು ಮುಂದು ಎಲ್ಲ ಅವಳದೇ ಕೈ. ಗಂಡ ಅದಕ್ಕೆ ಮನೆಯಲ್ಲಿದ್ದ ಅತಿ ಒಳ್ಳೆಯ ಪಟ್ಟಿಯ ಕಟ್ಟು ಹಾಕಿದ. ಸಾಹುಕಾರ ತಲೆ ಕೆರೆದುಕೊಂಡ. "ಟ್ಯಾಂಕು ಯಾಕಮ್ಮ?" ಎಂದ. "ಇತ್ತು, ಅದಕ್ಕೆ" ಎಂದಳು. ಆದರೂ ಹಳೆಯ ಋಣಕ್ಕೆ ತೆಗೆದುಕೊಂಡು ಹೋಗಿ, ಎದುರು ಮಳಿಗೆಯ ಹೊಸ ಚಿತ್ರದ ಪಕ್ಕದಲ್ಲೇ ತೂಗುಹಾಕಿದ.

ಅಕ್ಕಪಕ್ಕ ತೂಗುಹಾಕಿದ್ದಾನೆ ಎಂಬ ಸುದ್ದಿ ಗಂಡ ತಂದ. ಮುಳ್ಳಕ್ಕ ಚಪ್ಪಲಿ ಮೆಟ್ಟಿ ಹೊರಟಳು. ಹೋಗಿ ನೋಡಿದರೆ ಅಲ್ಲಿ ಆಗಲೇ ಕಿರಿಯವಳು ಇದ್ದಳು. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾದ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಎರಡೂ ಚಿತ್ರ ನೋಡುತ್ತ ಕೂತಿದ್ದಳು. ಮುಳ್ಳಕ್ಕ ಇನ್ನೊಂದು ಸೋಫಾ ಹಿಡಿದಳು. ಇಬ್ಬರ ನಡುವೆ ಮಾರಾಟದ ಊಟದ ಮೇಜೊಂದು ಆರು ಕುರ್ಚಿ ಸಮೇತ ನಿಂತಿತ್ತು.

ಆಗ ಗಂಡಹೆಂಡತಿ ಗಿರಾಕಿಗಳಿಬ್ಬರು ಬಂದರು. ಗಂಡಸಿನ ಕೈಯಲ್ಲಿ ಅಳತೆ ಟೇಪು. ಮೊದಲು ಮುಳ್ಳಕ್ಕನ ಚಿತ್ರದ ಮುಂದೆ ನಿಂತು, ಅಗಲ ಅಳೆದು, "ಹೂ ಭರ್ಜರಿಯಾಗಿದೆ. ಬೆಟ್ಟ ಮಾತ್ರ ಮೈಮೇಲೆ ಬೀಳೋ ಹಾಗಿದೆ" ಎಂದ. ಕಿರಿಯವಳ ತುಟಿಯ ಒಂದು ಮೂಲೆ ಮೇಲೆ ಸರಿದದ್ದನ್ನು ಮುಳ್ಳಕ್ಕ ಕಂಡಳು. ಕಂಡೂ ಹಲ್ಲು ಕಚ್ಚಿ ಕೂತಳು. ಆ ಮಾತು ನಿಜವೆಂದು ಅವಳ ಕಣ್ಣಿಗೂ ಬಂದ ಕೂಡಲೇ ಕಂಡಿತ್ತು.

ಅವನು ಪಕ್ಕದ ಚಿತ್ರಕ್ಕೆ ಸರಿದ. "ಇದು ನೋಡು, ಸೀನರಿ ಎಷ್ಟು ಚೆನ್ನಾಗಿದೆ. ಆದ್ರೆ ಹೂ ಪ್ಲಾಸ್ಟಿಕ್ ಥರ ಇದೆ."

ಕಿರಿಯವಳು ಎದ್ದು ಹತ್ತಿರ ಹೋದಳು. ಎಂದಿನ ಮೆತ್ತನೆಯ ದನಿಯಲ್ಲಿ, "ಹೂವೇನೂ ದೊಡ್ಡ ವಿಷಯ ಅಲ್ಲ ಸಾರ್. ನಮ್ಮ ಹುಡುಗಿ ಬರೆದದ್ದು. ಒರೆಸಿ ಬೇರೆ ಹಾಕಿಸಿ ಕೊಡ್ತೀನಿ, ನಿಮಗೆ ಯಾವ ಹೂ ಬೇಕು ಹೇಳಿ" ಎಂದಳು.

ಮುಳ್ಳಕ್ಕ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಊಟದ ಮೇಜು ಸುತ್ತಿ ಬರುವಾಗ ಒಂದು ಕುರ್ಚಿ ಉರುಳಿತು.

"ಸ್ವಾಮಿ, ಪ್ಲಾಸ್ಟಿಕ್ ಅಂದ್ರಲ್ಲ, ಯಾವುದು ಪ್ಲಾಸ್ಟಿಕ್? ಬೆರಳಿಟ್ಟು ತೋರಿಸಿ" ಎಂದಳು.

ಅವನು ಬೆದರಿ, "ಸುಮ್ಮನೆ ಒಟ್ಟಾರೆ ಹೇಳಿದೆ" ಎಂದ.

"ಒಟ್ಟಾರೆ ಹೇಳೋಕೆ ಇದೇನು ಸಂತೇನಾ? ಈ ಗುಲಾಬಿ ನೋಡಿ. ಕೆಳಗಿನ ಎಸಳು ಹಿಂದಕ್ಕೆ ಬಾಗಿದೆ, ಅದರ ಬೆನ್ನಿಗೆ ಜಾಡಿಯಿಂದ ಬೆಳಕು ತಿರುಗಿ ಬಿದ್ದಿದೆ. ಆ ಬೆಳಕು ಹಾಕೋಕೆ ಕೈ ಎಷ್ಟು ಹಗುರ ಬೇಕು ಗೊತ್ತಾ ನಿಮಗೆ? ಇದನ್ನ ಒರೆಸಿಸಬೇಕಾ? ನಿಮ್ಮ ಸೋಫಾಗೆ ಹೊಂದೋ ಬಣ್ಣ ಬೇಕಾದ್ರೆ ಪರದೆ ಅಂಗಡಿಗೆ ಹೋಗಿ, ಮೀಟರ್ ಲೆಕ್ಕದಲ್ಲಿ ಕೊಡ್ತಾರೆ."

ಗಿರಾಕಿಯ ಹೆಂಡತಿ ಅವನ ತೋಳು ಹಿಡಿದು ಎಳೆದಳು. ಟೇಪು ಚರ್ರೆಂದು ಒಳಸೇರಿತು. ಇಬ್ಬರೂ ಚಿತ್ರವೂ ಬೇಡ, ಸೋಫಾವೂ ಬೇಡ ಎಂದು ಬೀದಿಗಿಳಿದು ಹೋದರು. ಸಾಹುಕಾರ ಉರುಳಿದ ಕುರ್ಚಿ ಎತ್ತಿ ನಿಲ್ಲಿಸಿ, ಕಾಲು ಮುರಿದಿದೆಯೇ ನೋಡಿ, "ಅಮ್ಮ, ಕೈ ಮುಗೀತೀನಿ. ಇನ್ಮೇಲೆ ಚಿತ್ರ ಕಳಿಸಿ, ನೀವು ಬರಬೇಡಿ" ಎಂದ.

ಕಿರಿಯವಳು ಗೋಡೆಯ ಕಡೆ ತಿರುಗಲಿಲ್ಲ. ನೇರವಾಗಿ ಮುಳ್ಳಕ್ಕನ ಮುಖ ನೋಡಿ, "ಕೈಗೆ ಬಂದ ವ್ಯಾಪಾರ ಕೆಡಿಸಿದ್ರಿ" ಎಂದಳು. ಅಷ್ಟು ವರ್ಷಗಳ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ನೇರ ಮಾತು ಅದು.

"ಕೆಡಿಸಿದೆ. ಏನೀಗ?"

"ನಾನು ಅವಳನ್ನ ಹೊಗಳಿ ಹೊಗಳಿ ಇಟ್ಕೊಂಡಿದ್ದೀನಿ. ಒಂದು ಹೂ ಬದಲಾಯಿಸಿದ್ರೆ ಅವಳೇನು ಸಾಯ್ತಿರ್ಲಿಲ್ಲ."

"ಹೊಗಳಿದ್ದನ್ನ ಒರೆಸೋಕೆ ನಿನಗೆ ಒಂದು ನಿಮಿಷ ಹಿಡೀಲಿಲ್ಲ. ನಾನು ಬೈದಿದ್ದೀನಿ. ಒರೆಸು ಅಂದಿಲ್ಲ."

ಕಿರಿಯವಳು ಕೈಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ನಿಮ್ಮ ಬೆಟ್ಟದ ಬುಡದಲ್ಲಿ ಕಪ್ಪು ಜಾಸ್ತಿ. ಅದಕ್ಕೇ ಮುಂದೆ ಬರ್ತಿದೆ. ಬಿಳೀನೂ ಒಂದಿಷ್ಟು ನೀಲೀನೂ ಸೇರಿಸಿದ್ರೆ ಹಿಂದೆ ಹೋಗುತ್ತೆ."

"ನಿನ್ನ ಕೇಳಿದ್ನಾ?"

"ಇಲ್ಲ."

"ಹಾಗಾದ್ರೆ ನಡಿ."

ಅಂದು ಊಟಕ್ಕೆ ಕೂತ ಮಗಳು ತುಂಬಾ ಹೊತ್ತು ಅನ್ನ ಕಲಸುತ್ತಲೇ ಇದ್ದಳು. "ಸೋಫಾ ಅಂಗಡೀಲಿ ಏನಾಯ್ತು?" ಎಂದು ಕೇಳಿದಳು.

"ಏನೂ ಆಗಿಲ್ಲ. ಉಣ್ಣು."

"ಚಿಕ್ಕಮ್ಮ ಎಲ್ಲಾ ಹೇಳಿದ್ಲು."

"ಅವಳ ಬಾಯಿಗೆ ಬೀಗ ಇಲ್ಲ."

"ನನ್ನ ಗುಲಾಬಿ ಚೆನ್ನಾಗಿದೆ ಅಂದ್ಯಂತೆ."

"ಅವನಿಗೆ ಕಣ್ಣಿಲ್ಲ ಅಂದೆ. ಅದು ಬೇರೆ, ಇದು ಬೇರೆ." ಮುಳ್ಳಕ್ಕ ಸಾರು ಬಡಿಸಿ ಪಾತ್ರೆಯನ್ನು ಎಂದಿನಂತೆ ಸದ್ದುಮಾಡಿಯೇ ಇಟ್ಟಳು. "ಎಡಗಡೆ ಮೊಗ್ಗಿಗೆ ದಂಟು ಎಲ್ಲಿಂದ ಬಂತು ಅಂತ ಬರೆದವಳಿಗಾದ್ರೂ ಗೊತ್ತಾ? ಗಾಳೀಲಿ ನಿಂತಿದೆ."

ಮಗಳು ತಲೆ ತಗ್ಗಿಸಿ ನಕ್ಕಳೋ ಅತ್ತಳೋ, ಮುಳ್ಳಕ್ಕ ನೋಡಲಿಲ್ಲ. ಹುಡುಗಿ ಮರುದಿನವೂ ಬೀದಿ ದಾಟಿ ಎದುರು ಮಳಿಗೆಗೇ ಹೋದಳು. ಆದರೆ ಹೂ ಒರೆಸಬೇಕೆಂದು ಯಾರಾದರೂ ಕೇಳಿದರೆ, ಆಗುವುದಿಲ್ಲ, ಬೇಕಾದರೆ ಹೊಸ ಚಿತ್ರ ಬರೆಸಿಕೊಳ್ಳಿ ಎಂದು ಚಿಕ್ಕಮ್ಮನೆದುರಿಗೇ ಹೇಳಲು ಶುರುಮಾಡಿದಳು. ತಾಯಿಯ ನಾಲಿಗೆ ಬಂತು ಇದಕ್ಕೆ ಎಂದು ಚಿಕ್ಕಪ್ಪ ಬೀದಿಯಲ್ಲೆಲ್ಲ ಗೊಣಗಿದ.

ಟ್ಯಾಂಕಿನ ಚಿತ್ರ ಬಹಳ ಕಾಲ ಮಾರಾಟವಾಗಲಿಲ್ಲ. ಕೊನೆಗೆ ನೀರು ಸರಬರಾಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನೊಬ್ಬ, ಇದು ನಮ್ಮ ಟ್ಯಾಂಕಲ್ಲವೇ ಎಂದು ಗುರುತಿಸಿ ಕೊಂಡೊಯ್ದ. ಅದರ ಬೆಟ್ಟದ ಬುಡವನ್ನು ಮುಳ್ಳಕ್ಕ ತಿದ್ದಿರಲಿಲ್ಲ; ಆ ಮಹಾರಾಯ್ತಿ ಹೇಳಿದ ಮೇಲೆ ತಿದ್ದುವುದು ಹೇಗೆ? ಮುಂದಿನ ಚಿತ್ರಕ್ಕೆ ಮಾತ್ರ ಅವಳು ಬಣ್ಣ ಬೆರೆಸುವ ಹಲಗೆಯ ಮೇಲೆ ಬಿಳಿ ಹಿಂಡಿ, ಅದರ ಪಕ್ಕ ಕಡಲೆಕಾಳಿನಷ್ಟು ನೀಲಿ ಹಿಂಡಿ, ಎದ್ದು ಹೋಗಿ ಎದುರು ಮಳಿಗೆಗೆ ಕಾಣುವ ಬೀದಿ ಕಡೆಯ ಕಿಟಕಿಯನ್ನು ಮುಚ್ಚಿ ಬಂದು ಬೆರೆಸತೊಡಗಿದಳು.